ಬಾಯಿ ಬಿಟ್ಟು ಹೇಳದ ಮಾತು

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಸ್ವಲ್ಪ ತಾತ್ಸಾರವೇ ಇತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ತಮಗೊಂದು ವಿಚಿತ್ರ ಅನುಭವವಾಯಿತು ಎಂದು ಶುರು ಮಾಡಿದರೆ, ಹಿಂದಿನ ರಾತ್ರಿ ಅವರು ಎಷ್ಟು ಹೊತ್ತು ಮಲಗಿದ್ದರು, ಆಮೇಲೆ ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದಾರೆ, ಪ್ರತಿ ಸಲ ಎಷ್ಟೆಷ್ಟು ಬೆಳೆಸಿದ್ದಾರೆ ಎಂದು ಮನಸ್ಸಿನಲ್ಲೇ ಅಂದಾಜು ಮಾಡುವವಳು ನಾನು. ಈಗ ನನ್ನದನ್ನೂ ನೀವು ಹಾಗೇ ಅಳೆಯಬಹುದು. ನಾನು ಚೆನ್ನಾಗಿ ಮಲಗಿದ್ದೆ. ಈವರೆಗೆ ಯಾರಿಗೂ ಇದನ್ನು ಪೂರ್ತಿಯಾಗಿ ಹೇಳಿಲ್ಲ. ನಡೆದದ್ದು ಹಾಡುಹಗಲಲ್ಲಿ, ಟ್ಯೂಬ್‌ಲೈಟ್ ಬೆಳಕಿನ ಕೋಣೆಯಲ್ಲಿ.

ನಾಲ್ಕು ವರ್ಷದ ಹಿಂದಿನ ಮಾತು. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಇಇಜಿ ತೆಗೆಯುವ ತರಬೇತಿ ಪಡೆದು, ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ರೋಗಿಯ ತಲೆಯನ್ನು ಟೇಪಿನಿಂದ ಅಳೆದು, ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಆ ಗುರುತುಗಳ ಮೇಲೆ ಇಪ್ಪತ್ತೊಂದು ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸುವುದು ನನ್ನ ಕೆಲಸ. ಮೆದುಳಿನ ವಿದ್ಯುತ್ತು ಗೆರೆಗಳಾಗಿ ಪರದೆಯ ಮೇಲೆ ಓಡುತ್ತದೆ. ಎಚ್ಚರವಿದ್ದವರ ಗೆರೆ ಒಂದು ಥರ, ನಿದ್ದೆಯಲ್ಲಿದ್ದವರದು ಇನ್ನೊಂದು ಥರ. ಆಳವಾದ ಕೋಮಾದಲ್ಲಿದ್ದವರ ಗೆರೆ ದೂರದಿಂದಲೇ ಗೊತ್ತಾಗುತ್ತದೆ: ನಿಧಾನವಾದ, ಉದ್ದುದ್ದನೆಯ, ಏನೇ ಮಾಡಿದರೂ ಬದಲಾಗದ ಅಲೆ. ವರದಿ ಬರೆಯುವವರು ಡಾಕ್ಟರು. ಆದರೆ ಗೆರೆಗಳನ್ನು ಮೊದಲು ನೋಡುವವಳು ನಾನು.

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಅಮ್ಮನಿಗೂ ನನಗೂ ಈ ವಿಷಯದಲ್ಲಿ ಆಗಾಗ ಜಟಾಪಟಿ ನಡೆಯುತ್ತಿತ್ತು.

"ಆತ್ಮ ಅಂತ ಒಂದಿಲ್ದೆ ಇಷ್ಟೆಲ್ಲ ನಡೆಯುತ್ತೇನೆ?" ಎನ್ನುತ್ತಿದ್ದರು ಅಮ್ಮ.

"ಹೊಟ್ಟೆ ಅನ್ನ ಅರಗಿಸುತ್ತೆ. ಮೆದುಳು 'ನಾನು' ಅನ್ನೋದನ್ನ ಮಾಡುತ್ತೆ. ಅರಗಿಸೋಕೆ ಅಂತ ಹೊಟ್ಟೆ ಒಳಗೆ ಇನ್ನೊಬ್ಬರು ಕೂತಿರ್ತಾರಾ ಅಮ್ಮ?"

"ಇದನ್ನ ಪರೀಕ್ಷೇಲಿ ಬರಿ, ಮಾರ್ಕ್ಸ್ ಕೊಡ್ತಾರೆ. ಈಗ ಚಪಾತಿ ಹಿಟ್ಟು ಕಲೆಸು."

ನಗುತ್ತಿದ್ದೆ. ಆದರೆ ನಾನು ಹೇಳುತ್ತಿದ್ದದ್ದು ತಮಾಷೆಗಲ್ಲ. ಗೆರೆ ಇರುವಷ್ಟು ಹೊತ್ತು ಮನುಷ್ಯ ಇರುತ್ತಾನೆ, ಗೆರೆ ಎಂಥದೋ ಪ್ರಜ್ಞೆಯೂ ಅಂಥದು ಎಂದು ನಾನು ನಿಜವಾಗಿಯೂ ನಂಬಿದ್ದೆ. ದಿನಕ್ಕೆ ಆರೇಳು ತಲೆಗಳನ್ನು ನೋಡುವವಳಿಗೆ ಬೇರೆ ಥರ ನಂಬಲು ಕಾರಣವೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಐಸಿಯುವಿನಿಂದ ಕರೆ ಬಂತು. ರೋಗಿ ಜಮೀಲಾ ಟೀಚರ್. ತಣಿಸಂದ್ರದ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೆದುಳಿಗೆ ಸೋಂಕು ತಗುಲಿ, ಜ್ವರ ಏರಿ, ಪ್ರಜ್ಞೆ ತಪ್ಪಿ ಹನ್ನೊಂದು ದಿನವಾಗಿತ್ತು. ವೆಂಟಿಲೇಟರ್ ಉಸಿರಾಡಿಸುತ್ತಿತ್ತು. ಮಲಗಿಸುವ ಔಷಧಿಯನ್ನು ನಿಲ್ಲಿಸಿ ಎರಡು ದಿನ ಕಳೆದಿದ್ದರೂ ಕಣ್ಣು ಬಿಟ್ಟಿರಲಿಲ್ಲ.

ಅವರ ಮಗ ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಬೇಕೆಂದು ತೀರ್ಮಾನಿಸಿದ್ದ. ನಮ್ಮಲ್ಲಿ ಇದಕ್ಕೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಯಂತ್ರ ತೆಗೆಸಿ, ಆಂಬುಲೆನ್ಸಿನಲ್ಲಿ ಆಮ್ಲಜನಕ ಇಟ್ಟುಕೊಂಡು ಹೋಗಿ, ಕೊನೆಯ ಉಸಿರು ಆಸ್ಪತ್ರೆಯ ಪರದೆಗಳ ನಡುವೆ ಹೋಗದೆ ತಮ್ಮವರ ನಡುವೆ, ಪ್ರಾರ್ಥನೆ ಕಿವಿಗೆ ಬೀಳುವಂತೆ ಹೋಗಲಿ ಎಂದು. ಆತ ಕೆಟ್ಟ ಮಗನಲ್ಲ. ಹನ್ನೊಂದು ದಿನವೂ ಹೊರಗಿನ ಕುರ್ಚಿಯಲ್ಲೇ ಇದ್ದವನು. ಮಗಳು ನಸ್ರೀನ್ ಮಾತ್ರ ಒಪ್ಪಿರಲಿಲ್ಲ. ಇನ್ನೊಂದು ಇಇಜಿ ನೋಡಿ ಸಂಜೆ ಕೂತು ಮಾತಾಡೋಣ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ನನ್ನನ್ನು ಕರೆದದ್ದು.

ಬಿಲ್ಲೆಗಳನ್ನು ಅಂಟಿಸಿ ಯಂತ್ರ ಶುರು ಮಾಡಿದೆ. ಅದೇ ಉದ್ದನೆಯ ನಿಧಾನದ ಅಲೆ. ಕೋಮಾದಲ್ಲಿರುವವರಿಗೆ ನಾವು ಕೆಲವು ಪರೀಕ್ಷೆ ಮಾಡುತ್ತೇವೆ. ಕಿವಿಯ ಹತ್ತಿರ ಚಪ್ಪಾಳೆ ತಟ್ಟುತ್ತೇವೆ, ಹೆಸರು ಹಿಡಿದು ಜೋರಾಗಿ ಕರೆಯುತ್ತೇವೆ, ಪೆನ್ನಿನಿಂದ ಉಗುರು ಒತ್ತುತ್ತೇವೆ. ಅಲೆ ಒಂದಿಷ್ಟು ಕದಲಿದರೂ ಅದು ಒಳ್ಳೆಯ ಸೂಚನೆ. "ಜಮೀಲಾ ಅವರೇ, ಕಣ್ಣು ಬಿಡಿ" ಎಂದು ಮೂರು ಸಲ ಕರೆದೆ. ಏನೂ ಇಲ್ಲ. ಮನೆಯವರ ಧ್ವನಿಗೆ ಕೆಲವೊಮ್ಮೆ ಬದಲಾಗುತ್ತದೆ ಎಂದು ನಸ್ರೀನ್‌ರನ್ನು ಒಳಗೆ ಕರೆಸಿದೆ. ಅವರು ಬಗ್ಗಿ "ಅಮ್ಮಿ, ಅಮ್ಮಿ" ಎಂದು ಕರೆದರು. ಆಮೇಲೆ ಉರ್ದುವಿನಲ್ಲಿ ಏನೋ ಹೇಳಿದರು, ಬಹುಶಃ ಮನೆಯ ಸುದ್ದಿ. ಅಲೆ ಕದಲಲಿಲ್ಲ. "ಹೆಸರು ಕರೆದಾಗ ಬದಲಾವಣೆ ಇಲ್ಲ, ಉಗುರು ಒತ್ತಿದಾಗ ಬದಲಾವಣೆ ಇಲ್ಲ" ಎಂದು ಟೈಪ್ ಮಾಡಿದೆ.

ನಸ್ರೀನ್ ನೆಟ್ಟಗೆ ನಿಂತು ನನ್ನನ್ನು ಕೇಳಿದರು. "ಮೇಡಂ, ಒಂದೇ ಒಂದು ಹೇಳಿ. ಅಮ್ಮಿ ಒಳಗಿದಾರಾ?"

"ಡಾಕ್ಟರು ನೋಡಿ ಹೇಳ್ತಾರೆ" ಎಂದೆ. ನಾವು ಹೇಳಬೇಕಾದದ್ದು ಅಷ್ಟೇ. ಆದರೆ ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಒಂದು ವಾಕ್ಯ ಮೂಡಿತು. ಯಾರೋ ಬರೆದಿಟ್ಟಷ್ಟು ಸ್ಪಷ್ಟವಾಗಿ: ಇಲ್ಲಿ ಯಾರೂ ಇಲ್ಲ.

ಅವರನ್ನು ಹೊರಗೆ ಕಳಿಸಿದೆ. ಇನ್ನು ಹದಿನೈದು ನಿಮಿಷ ಸುಮ್ಮನೆ ರೆಕಾರ್ಡಿಂಗ್ ನಡೆಯಬೇಕು, ನಾನು ಅಲುಗಾಡದೆ ಕೂತಿರಬೇಕು. ಇಂಥ ಹೊತ್ತಿಗೆ ನನಗೊಂದು ಅಭ್ಯಾಸವಿದೆ. ಹದಿನೇಳರ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ, ಮತ್ತೆ ಮತ್ತೆ. ಚಿಕ್ಕವಳಿದ್ದಾಗ ಅಳು ತಡೆಯಲು ಕಂಡುಕೊಂಡ ಉಪಾಯ. ದೊಡ್ಡವಳಾದ ಮೇಲೂ ಉಳಿದುಕೊಂಡಿತು. ಬಾಯಿ ಬಿಟ್ಟು ಹೇಳಿದ್ದಿಲ್ಲ, ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ಕೂಡ. ಆ ದಿನ ಐದಾರು ಸುತ್ತು ಹೇಳಿಕೊಂಡಿರಬೇಕು. ರೆಕಾರ್ಡಿಂಗ್ ಮುಗಿಯಿತು. ಬಿಲ್ಲೆಗಳನ್ನು ಕಿತ್ತು, ಒಂದು ಸಲ ಒದ್ದೆ ಹತ್ತಿಯಿಂದ ಒರೆಸಿ, ಯಂತ್ರ ತಳ್ಳಿಕೊಂಡು ಹೊರಟೆ. ಸಾಮಾನ್ಯವಾಗಿ ಬಿಸಿನೀರು ತರಿಸಿ ಕೂದಲಿನ ಅಂಟನ್ನು ಪೂರ್ತಿ ತೆಗೆಯುತ್ತೇನೆ. ಆ ದಿನ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ನನಗೆ ಗೊತ್ತು.

ಸಂಜೆಯ ಮಾತುಕತೆಯಲ್ಲಿ ನಸ್ರೀನ್ ಶುಕ್ರವಾರದ ನಮಾಜ್ ಆಗುವವರೆಗೆ ಎಲ್ಲಿಗೂ ಕಳಿಸುವುದಿಲ್ಲ ಎಂದು ಹಟ ಹಿಡಿದು ಕೂತರಂತೆ. ಅಂದರೆ ಎರಡು ದಿನ. ಅಣ್ಣ ಒಪ್ಪಿದ. ಶುಕ್ರವಾರ ಬೆಳಿಗ್ಗೆ ಸಿಸ್ಟರ್ ಗಂಟಲಿನ ಕಫ ತೆಗೆಯುವಾಗ ಟೀಚರ್ ಆ ಸಿಸ್ಟರ್‌ನ ಕೈ ಹಿಡಿದು ತಳ್ಳಿದರು. ವಾರದೊಳಗೆ ಯಂತ್ರ ತೆಗೆದರು. ಇದು ವೈದ್ಯಕೀಯವಾಗಿ ಪವಾಡವೇನೂ ಅಲ್ಲ. ಈ ಕಾಯಿಲೆಯಲ್ಲಿ ಹೀಗೆ ವಾಪಸಾಗುವವರು ಇದ್ದಾರೆ. ನಾನು ಸುದ್ದಿ ಕೇಳಿ ಸಂತೋಷಪಟ್ಟು, ಮರೆತೆ.

ಎರಡೂವರೆ ತಿಂಗಳಾದ ಮೇಲೆ ಅವರು ಮರುಪರೀಕ್ಷೆಗೆ ಬಂದರು. ಮಗಳ ಕೈ ಹಿಡಿದು, ನಿಧಾನವಾಗಿ, ಆದರೆ ತಮ್ಮ ಕಾಲ ಮೇಲೇ ನಡೆದುಕೊಂಡು. ತೆಳ್ಳಗಿನ ಹೆಂಗಸು. ಕುರ್ಚಿಯಲ್ಲಿ ಕೂತವರೇ ನನ್ನ ಮೇಜಿನ ಮೇಲಿನ, ಬಿಲ್ಲೆ ಅಂಟಿಸುವ ಪೇಸ್ಟ್ ಡಬ್ಬಿ ನೋಡಿದರು.

"ಓ, ಇದೇನಾ ಅದು? ಹಲಸಿನಹಣ್ಣಿನ ಮೇಣ ಇದ್ದಂಗಿದೆ ಕಣಮ್ಮ. ಮೂರು ಸಲ ತೊಳೆದ್ರೂ ತಲೆಯಿಂದ ಹೋಗ್ಲಿಲ್ವಂತೆ. ನನ್ನ ಮಗಳು ಕತ್ತರಿ ತಗೊಂಡು ನಿಂತಿದ್ಲು."

"ಇವತ್ತು ಪೂರ್ತಿ ತೆಗೀತೀನಿ ಟೀಚರ್" ಎಂದೆ, ಬಿಲ್ಲೆ ಅಂಟಿಸುತ್ತಾ. ನನ್ನ ಧ್ವನಿ ಕೇಳಿದ ಕೂಡಲೇ ಅವರು ತಲೆ ತಿರುಗಿಸಿದರು. ಆಗಷ್ಟೇ ಅಂಟಿಸಿದ್ದ ಎರಡು ಬಿಲ್ಲೆ ಕಿತ್ತುಬಂದವು.

"ಕಣ್ಣು ಬಿಡಿ ಅಂತ ಮೂರು ಸಲ ಕರೆದಿದ್ದು ನೀನೇ ಅಲ್ವಾ?"

ಇದರಲ್ಲಿ ಆಶ್ಚರ್ಯವೇನಿಲ್ಲ. ಕೋಮಾದಲ್ಲಿದ್ದವರಿಗೂ ಕಿವಿ ಕೇಳಿಸುತ್ತಿರಬಹುದು ಎಂದು ಓದಿದ್ದೆ. ಹೌದು ಎಂದೆ.

"ಆಮೇಲೆ 'ಇಲ್ಲಿ ಯಾರೂ ಇಲ್ಲ' ಅಂದೆ."

ಕೈಯಲ್ಲಿದ್ದ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ. ನಸ್ರೀನ್ ನನಗಿಂತ ಮೊದಲು ಮಾತಾಡಿದರು. "ಅಮ್ಮಿ, ಮತ್ತೆ ಶುರು ಮಾಡ್ಬೇಡಿ. ಮನೇಲಿ ನೂರು ಸಲ ಹೇಳಿದ್ದೀನಿ. ನಾನು ಅಲ್ಲೇ ನಿಂತಿದ್ದೆ. ಮೇಡಂ ಹಂಗೆ ಅನ್ಲಿಲ್ಲ."

"ನೀನು ಸುಮ್ನಿರು. ನಾನು ಕೇಳ್ತಿರೋದು ಇವಳ್ನ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಭಯವಿತ್ತು. "ನೋಡಮ್ಮ, ಮೊದ್ಲು ಸಂಜೆ ಆರು ಮಕ್ಕಳು ಮನೆಗೆ ಲೆಕ್ಕ ಕಲಿಯೋಕೆ ಬರ್ತಿದ್ರು. ಅವರ ಅಮ್ಮಂದಿರು ಮತ್ತೆ ಕಳಿಸ್ತೀವಿ ಅಂತಾರೆ. ನಾನೇ ಬೇಡ ಅಂದಿದ್ದೀನಿ. ಯಾರೂ ಆಡದ ಮಾತು ಕೇಳಿಸೋ ತಲೆ ಇಟ್ಕೊಂಡು ಮಕ್ಕಳ ಮುಂದೆ ಹೆಂಗೆ ಕೂರೋದು? ನೀನು ಅಂದಿದ್ರೆ ನನ್ನ ತಲೆ ಸರಿ ಇದೆ. ಅನ್ದೇ ಇದ್ರೆ ಕೆಟ್ಟಿದೆ. ಅಷ್ಟು ಹೇಳು. ನಂಗೇನೂ ಬೇಜಾರಿಲ್ಲ."

ನಾನು ಅಂದಿರಲಿಲ್ಲ. ಅದು ನನಗೆ ಖಚಿತ. ಅಂದಿಲ್ಲ ಎಂದರೆ ಅದು ನಿಜ, ಆದರೆ ಅವರು ಆ ನಿಜವನ್ನು ಹೊತ್ತುಕೊಂಡು ಹೋಗಿ ಜೀವಮಾನವೆಲ್ಲ ತಮ್ಮ ತಲೆಯನ್ನೇ ಅನುಮಾನಿಸುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡಿದ್ದೆ ಎಂದು ಹೇಳುವುದು ಮೂರನೆಯ ದಾರಿ. ಆದರೆ ಅಂಥ ಮಾತನ್ನು ಆಸ್ಪತ್ರೆಯ ಕೋಟು ಹಾಕಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ.

"ಅಂದೆ ಟೀಚರ್. ಬಾಯಿ ತಪ್ಪಿ ಬಂದ್ಬಿಡ್ತು. ತಪ್ಪಾಯ್ತು."

ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಭುಜ ಇಳಿಯಿತು. ಮರುಕ್ಷಣವೇ ಬೈಗುಳ. "ತಪ್ಪೇ ಮತ್ತೆ! ಹಾಜರಿ ಕೂಗಿದಾಗ ಕೈ ಎತ್ತಲಿಲ್ಲ ಅಂದ ಮಾತ್ರಕ್ಕೆ ಆ ಮಗು ಶಾಲೆಗೇ ಬಂದಿಲ್ಲ ಅಂತ ಬರ್ಕೊಳ್ತಾರಾ? ತಲೆ ಎತ್ತಿ ಬೆಂಚು ನೋಡ್ಬೇಕಮ್ಮ. ಇದ್ದೆ ನಾನು. ಕೈ ಏಳ್ತಿರ್ಲಿಲ್ಲ ಅಷ್ಟೇ." ಮಗಳ ಕಡೆ ತಿರುಗಿ, "ನೋಡಿದ್ಯಾ? ಹುಚ್ಚಿ ಅಂದ್ಕೊಂಡಿದ್ಯಲ್ಲ ನನ್ನ!" ಎಂದರು.

ನಸ್ರೀನ್ ನನ್ನನ್ನೇ ನೋಡುತ್ತಿದ್ದರು.

ಕಿತ್ತುಬಂದ ಬಿಲ್ಲೆಗಳನ್ನು ಮತ್ತೆ ಅಂಟಿಸತೊಡಗಿದೆ. ನನ್ನೊಳಗೆ ಆಗಲೇ ಒಂದು ವಿವರಣೆ ಸಿದ್ಧವಾಗುತ್ತಿತ್ತು. ಆ ದಿನ ನನ್ನ ಕೈ ಬದಲಾಗಿತ್ತು. ಬಿಲ್ಲೆಗಳನ್ನು ಬೇಗ ಬೇಗ ಕಿತ್ತಿದ್ದೆ, ತಣ್ಣೀರಿನ ಹತ್ತಿಯಲ್ಲಿ ಒಂದೇ ಸಲ ಒರೆಸಿದ್ದೆ. ಎದುರಿಗಿರುವುದು ಮನುಷ್ಯರಲ್ಲ ಎಂಬಂತೆ ಮುಟ್ಟಿದ್ದೆ. ಬಾಯಿ ಆಡದ ಮಾತನ್ನು ಕೈ ಆಡಿರಬಹುದು. ಜ್ವರದ ಮನಸ್ಸು ಆ ಸ್ಪರ್ಶಕ್ಕೆ ಪದಗಳನ್ನು ಕೊಟ್ಟಿರಬಹುದು. ಹೀಗೆ ಯೋಚಿಸಿ ನನಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು.

"ಹಂಗಾದ್ರೆ ಮಗ್ಗಿ ಹೇಳಿದ್ದೂ ನೀನೇ" ಎಂದರು ಟೀಚರ್.

ನಾನು ಮುಂದಿನ ಬಿಲ್ಲೆಗೆ ಪೇಸ್ಟ್ ಹಚ್ಚಿದೆ.

"ಅದನ್ನ ಇವಳಿಗೂ ಹೇಳಿರ್ಲಿಲ್ಲ, ನಗ್ತಾಳೆ ಅಂತ. ಹದಿನೇಳರ ಮಗ್ಗಿ. ಸುತ್ತಿ ಸುತ್ತಿ ಅದೇ. ಎಂಟ್ಲ ಬಂದ ತಕ್ಷಣ ನೂರಾ ಇಪ್ಪತ್ತಾರು ಅನ್ನೋದು. ಪ್ರತಿ ಸಲ! ಮಲಗಿದಲ್ಲೇ ಎಂಥ ಸಿಟ್ಟು ಬರ್ತಿತ್ತು ಗೊತ್ತಾ ನಂಗೆ? ಎದ್ದು ಕಿವಿ ಹಿಂಡೋಣ ಅನ್ನಿಸೋದು. ಹೇಳು ಈಗ, ಕೇಳೋಣ."

"ಟೀಚರ್, ಟೆಸ್ಟ್..."

"ಟೆಸ್ಟು ಎಲ್ಲಿಗೂ ಓಡಿ ಹೋಗಲ್ಲ. ಹೇಳು."

ಹೇಳಿದೆ. ಜೀವನದಲ್ಲಿ ಮೊದಲ ಸಲ ಬಾಯಿ ಬಿಟ್ಟು, ತಲೆಯ ತುಂಬ ವೈರು ಅಂಟಿಸಿಕೊಂಡ ಹೆಂಗಸಿನ ಮುಂದೆ ನಿಂತು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಆರ್ಲ ನೂರೆರಡು, ಏಳ್ಲ ನೂರಾ ಹತ್ತೊಂಬತ್ತು. ಹದಿನೇಳೆಂಟ್ಲ ನೂರಾ ಇಪ್ಪತ್ತಾರು.

"ಮೂವತ್ತಾರು!" ಎಂದು ತೊಡೆ ತಟ್ಟಿದರು ಟೀಚರ್. "ನೋಡು, ಅಲ್ಲೇ! ಎಷ್ಟು ಓದಿದ್ರೆ ಏನು?"

ಅವರು ನಗುತ್ತಿದ್ದರು. ನಾನು ಮನಸ್ಸಿನಲ್ಲಿ ಕೂಡಿಸಿ ನೋಡಿದೆ. ನೂರಾ ಹತ್ತೊಂಬತ್ತಕ್ಕೆ ಹದಿನೇಳು. ನೂರಾ ಮೂವತ್ತಾರು. ಅವರೇ ಸರಿ. ಎಂಟು ವರ್ಷದವಳಾಗಿದ್ದಾಗಿನಿಂದ ನಾನು ಅದನ್ನು ತಪ್ಪಾಗಿ ಹೇಳಿಕೊಳ್ಳುತ್ತಿದ್ದೆ. ಯಾರ ಕಿವಿಗೂ ಬೀಳದ ಕಾರಣ ಯಾರೂ ತಿದ್ದಿರಲಿಲ್ಲ. ತಪ್ಪು ಎಂದು ನನಗೇ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು. ಗೆರೆಗಳು ಚೆನ್ನಾಗಿದ್ದವು. ಬಿಸಿನೀರು ತರಿಸಿ ಅವರ ಕೂದಲನ್ನು ಎಳೆಎಳೆಯಾಗಿ ಬಿಡಿಸಿ ತೊಳೆದೆ. ಅವರನ್ನು ಲಿಫ್ಟಿನ ಹತ್ತಿರ ಕೂರಿಸಿ ನಸ್ರೀನ್ ಫೈಲು ತೆಗೆದುಕೊಳ್ಳುವ ನೆಪದಲ್ಲಿ ವಾಪಸು ಬಂದರು.

"ನೀವು ಅವತ್ತು ಏನೂ ಅನ್ಲಿಲ್ಲ ಮೇಡಂ."

"ಇಲ್ಲ. ಅಮ್ಮಿಗೆ ಹೇಳ್ಬೇಡಿ."

"ಹೇಳಲ್ಲ." ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತರು. "ಆದ್ರೆ, ಅಂದ್ಕೊಂಡ್ರಾ?"

ಹೂಂ ಎಂದೆ.

"ನಾನೂ ಅಂದ್ಕೊಂಡೆ" ಎಂದರು. "ಅದೇ ಹೊತ್ತಿಗೆ. ಅಮ್ಮಿ ಅಮ್ಮಿ ಅಂತ ಕರೀತಾ ಇದ್ದೆ, ಒಳಗೆ ಯಾರೂ ಇಲ್ಲ ಅನ್ನಿಸ್ಬಿಡ್ತು. ಅಣ್ಣನ ಹತ್ರ ಅಷ್ಟು ಜಗಳ ಆಡಿದ್ದು ಅದಕ್ಕೇ ಮೇಡಂ, ಅಂದ್ಕೊಂಡ ಪಾಪಕ್ಕೆ." ಆಮೇಲೆ ತುಂಬ ಮೆಲ್ಲಗೆ ಕೇಳಿದರು. "ಅಮ್ಮಿಗೆ ಕೇಳಿಸಿದ್ದು ನಿಮ್ದಾ, ನಂದಾ?"

ಲಿಫ್ಟ್ ಬಂತು. ಟೀಚರ್ ಜೋರಾಗಿ ಕರೆದರು. ನಸ್ರೀನ್ ಹೋದರು.

ನಮ್ಮ ಯಂತ್ರದಲ್ಲಿ ಗೆರೆಗಳ ಜೊತೆ ವಿಡಿಯೋ ಮತ್ತು ಧ್ವನಿಯೂ ದಾಖಲಾಗುತ್ತದೆ. ಅಂದು ಸಂಜೆ ಕೆಲಸ ಮುಗಿದ ಮೇಲೆ ಆ ಹಳೆಯ ರೆಕಾರ್ಡಿಂಗ್ ತೆರೆದು ಹೆಡ್‌ಫೋನ್ ಹಾಕಿಕೊಂಡು ಕೂತೆ. ಕ್ಯಾಮೆರಾ ಟೀಚರ್ ಕಡೆಗಿದೆ. ನನ್ನ ಒಂದು ಭುಜ ಮಾತ್ರ ಕಾಣುತ್ತದೆ. ನಾನು ಕರೆಯುವುದು ಕೇಳಿಸುತ್ತದೆ, ನಸ್ರೀನ್ ಕರೆಯುವುದು, ಅವರ ಪ್ರಶ್ನೆ, ನನ್ನ ಉತ್ತರ. ಬಾಗಿಲಿನ ಸದ್ದು. ಆಮೇಲೆ ಹದಿನೈದು ನಿಮಿಷ ವೆಂಟಿಲೇಟರಿನ ಉಸಿರು, ನಡುನಡುವೆ ಪಕ್ಕದ ಬೆಡ್ಡಿನ ಅಲಾರಂ. ನನ್ನ ಧ್ವನಿ ಎಲ್ಲೂ ಇಲ್ಲ. ಮೂರು ಸಲ ಕೇಳಿದೆ. ತುಟಿಯಲ್ಲೇ ಗೊಣಗಿದ್ದರೆ ಮೈಕಿಗೆ ಸಿಗದೆ ಇರಬಹುದು, ಅದನ್ನು ಒಪ್ಪುತ್ತೇನೆ. ಹದಿನೇಳೆಂಟ್ಲ ಎಲ್ಲ ಮಕ್ಕಳೂ ಎಡವುವ ಜಾಗ, ಮೂವತ್ತು ವರ್ಷ ಆ ತಪ್ಪು ಕೇಳಿದವರಿಗೆ ಜ್ವರದಲ್ಲಿ ಅದೇ ಮರುಕಳಿಸಿರಬಹುದು, ಅದನ್ನೂ ಒಪ್ಪುತ್ತೇನೆ. ಒಂದೊಂದನ್ನೂ ಬೇರೆ ಬೇರೆಯಾಗಿ ಒಪ್ಪಬಲ್ಲೆ. ಆ ವಾಕ್ಯವನ್ನೂ ಮಗ್ಗಿಯನ್ನೂ ಒಟ್ಟಿಗೆ ಇಟ್ಟುಕೊಂಡಾಗ ನನ್ನ ಒಪ್ಪಿಗೆ ನಿಲ್ಲುವುದಿಲ್ಲ.

ನಾಲ್ಕನೆಯ ಸಲ ಧ್ವನಿ ನಿಲ್ಲಿಸಿ ಗೆರೆಗಳನ್ನಷ್ಟೇ ನೋಡಿದೆ. ಆ ಹದಿನೈದು ನಿಮಿಷವೂ ಅದೇ ನಿಧಾನದ ಅಲೆ, ಎಲ್ಲೂ ಒಂದು ಕೂದಲೆಳೆಯಷ್ಟು ಬದಲಾವಣೆ ಇಲ್ಲ. ಅದೇ ಹೊತ್ತಿನಲ್ಲಿ ಅವರು ಸಿಟ್ಟಾಗಿದ್ದರಂತೆ. ಎದ್ದು ಕಿವಿ ಹಿಂಡಬೇಕೆಂದುಕೊಂಡಿದ್ದರಂತೆ. ಆ ಸಿಟ್ಟು ಎಲ್ಲಿತ್ತು? ಮೆದುಳಿನ ಆಳದಲ್ಲಿ, ನನ್ನ ಬಿಲ್ಲೆಗಳಿಗೆ ತಲುಪದ ಕಡೆ ಇತ್ತೆಂದು ಹೇಳಬಹುದು. ಹಾಗೇ ಇರಬಹುದು. ಆದರೆ ತಲುಪದ್ದನ್ನು ನಾನು ಒಂದೂವರೆ ವರ್ಷದಿಂದ 'ಇಲ್ಲ' ಎಂದೇ ತಿಳಿದುಕೊಂಡಿದ್ದೆ.

ಒಂದು ವಾರ ಬಿಟ್ಟು ನಸ್ರೀನ್‌ಗೆ ಫೋನ್ ಮಾಡಿದೆ. ಆ ದಿನದ ಅವರ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಅವರನ್ನೂ ಬಿಟ್ಟಿರಲಾರದು ಎಂದುಕೊಂಡೆ. ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಟೀಚರ್ ಪಾಠ ಮತ್ತೆ ಶುರು ಮಾಡಿದ್ದರು.

ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ. ಮಗ್ಗಿಯನ್ನು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಮನಸ್ಸಿನಲ್ಲಿ ಹೇಳಿಕೊಂಡಿದ್ದೆ, ಆಗ ನೀವು ಹೊರಗಿದ್ದಿರಿ ಎಂದೆ. "ಆ ನೂರಾ ಇಪ್ಪತ್ತಾರು ನನ್ನ ತಪ್ಪು, ನಸ್ರೀನ್. ಅದು ಕೇಳಿಸಿದ್ರೆ ಅದಕ್ಕೆ ಮೊದಲಿನ ಮಾತೂ ನನ್ನದೇ ಕೇಳಿಸಿರೋದು. ನಿಮ್ದಲ್ಲ."

ಮಕ್ಕಳ ಗಲಾಟೆ ದೂರವಾಯಿತು, ಅವರು ಬೇರೆ ಕೋಣೆಗೆ ಹೋಗಿರಬೇಕು. ಆಮೇಲೆ, "ಹಂಗಾದ್ರೆ ಮನಸ್ಸಲ್ಲಿ ಅಂದ್ಕೊಂಡಿದ್ದು ಕೇಳ್ಸುತ್ತೆ ಅಂತೀರಾ ಮೇಡಂ?" ಎಂದರು.

"ಹೂಂ" ಎಂದೆ. "ಅವತ್ತು ಕೇಳಿಸ್ತು."

ಅವರು ಅಳುತ್ತಿದ್ದರು ಎಂದು ಉಸಿರಿನಿಂದ ಗೊತ್ತಾಯಿತು. ಹಗುರಾದ ಅಳು. ಥ್ಯಾಂಕ್ಸ್ ಮೇಡಂ ಎಂದು ಫೋನ್ ಇಟ್ಟರು.

ಅದಾದ ಮೇಲೆ ಎಷ್ಟೋ ತಲೆಗಳಿಗೆ ಬಿಲ್ಲೆ ಅಂಟಿಸಿದ್ದೇನೆ, ಸಿಕ್ಕಷ್ಟು ಓದಿದ್ದೇನೆ. ಮನಸ್ಸು ಎಲ್ಲಿಂದ ಶುರುವಾಗುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂದು ಖಚಿತವಾಗಿ ಹೇಳಿದವರು ಯಾರೂ ಸಿಗಲಿಲ್ಲ. ಜಮೀಲಾ ಟೀಚರ್‌ಗೆ ನಾನು ಹೇಳಿದ್ದು ಸುಳ್ಳು, ಅದು ನನಗೆ ಗೊತ್ತು. ನಸ್ರೀನ್‌ಗೆ ಹೇಳಿದ್ದು ಸುಳ್ಳೋ ನಿಜವೋ ಎಂದು ಇವತ್ತಿಗೂ ಗೊತ್ತಿಲ್ಲ.